ನಮೂನೆಯಲ್ಲಿ ಜಾಗವಿಲ್ಲದ ತರಗತಿ

ವಿಶ್ವವಿದ್ಯಾಲಯದವರು ಕಳಿಸಿದ ಪರಿಶೀಲನಾ ನಮೂನೆಯಲ್ಲಿ ಕಟ್ಟಡದ ವಿಸ್ತೀರ್ಣಕ್ಕೆ ಒಂದು ಅಂಕಣವಿತ್ತು, ಶೌಚಾಲಯಗಳ ಸಂಖ್ಯೆಗೆ ಒಂದು, ಬೆಂಕಿ ಆರಿಸುವ ಸಿಲಿಂಡರಿಗೆ ಒಂದು. ಗ್ರಂಥಾಲಯದ ಪುಸ್ತಕಗಳು, ಕಂಪ್ಯೂಟರುಗಳು, ಸಿಬ್ಬಂದಿಯ ನೇಮಕಾತಿ ಆದೇಶ, ಬ್ಯಾಂಕಿನ ಠೇವಣಿ ರಸೀದಿ, ಹೀಗೆ ಪುಟಗಟ್ಟಲೆ ಸಾಗುತ್ತಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ತಯಾರಾಗುತ್ತಿರುವವರು ಅದನ್ನು ಹೇಗೆ ಕಲಿಸುತ್ತಾರೆ ಎಂದು ಬರೆಯಲು ಎಲ್ಲಿಯೂ ಜಾಗವಿರಲಿಲ್ಲ. ಕೊನೆಯ ಪುಟದಲ್ಲಿ ‘ಇತರ ಅಂಶಗಳು’ ಎಂಬ ಶೀರ್ಷಿಕೆಯ ಕೆಳಗೆ ಎರಡು ಗೆರೆ ಖಾಲಿ ಬಿಟ್ಟಿದ್ದರು.

ನಾನು ಬೆಳಗಾವಿಯ ಬಿ.ಎಡ್. ಕಾಲೇಜೊಂದರಲ್ಲಿ ಇಂಗ್ಲಿಷ್ ಬೋಧನಾ ವಿಧಾನದ ಉಪನ್ಯಾಸಕಿಯಾಗಿದ್ದು ನಿವೃತ್ತಳಾದವಳು. ವಿಶ್ವವಿದ್ಯಾಲಯ ಕಾಲೇಜುಗಳಿಗೆ ಕೊಡುವ ಮಾನ್ಯತೆಯ, ಅಂದರೆ ಸಂಯೋಜನೆಯ, ನವೀಕರಣಕ್ಕೆ ಅರ್ಜಿ ಹಾಕಿದ ಕಾಲೇಜುಗಳನ್ನು ನೋಡಿಬರುವ ಸ್ಥಳೀಯ ವಿಚಾರಣಾ ಸಮಿತಿಗೆ ನನ್ನನ್ನು ವಿಷಯ ತಜ್ಞೆಯೆಂದು ಸೇರಿಸಿದ್ದರು. ಅಧ್ಯಕ್ಷರು ಹಿರಿಯ ಪ್ರಾಂಶುಪಾಲರು. ಮೂರನೆಯವರು ಕಚೇರಿಯ ಕಡತಗಳಲ್ಲಿ ಪಳಗಿದವರು. ಯಾವ ಪ್ರಮಾಣಪತ್ರದ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ದೂರದಿಂದಲೇ ಹೇಳಬಲ್ಲವರು. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಕೆಲವು ಕಾಲೇಜುಗಳು ನಮ್ಮ ಪಾಲಿಗೆ ಬಂದಿದ್ದವು. ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರು ಹೆಸರನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಿಡುತ್ತಾರೆ.

ಕಬ್ಬು ಕಡಿಯುವ ಕಾಲ. ಯರಗಟ್ಟಿ ದಾಟಿದ ಮೇಲೆ ಲೋಕಾಪುರದವರೆಗೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆಯೇ ನಮ್ಮ ಗಾಡಿ ಸಾಗಿತು. ಅಧ್ಯಕ್ಷರು ದಾರಿಯುದ್ದಕ್ಕೂ ನಿಯಮಗಳನ್ನು ನೆನಪಿಸುತ್ತಿದ್ದರು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಮೇಲೆ ಬಿ.ಎಡ್. ಎರಡು ವರ್ಷದ್ದಾಯಿತು. 50 ವಿದ್ಯಾರ್ಥಿಗಳದು ಒಂದು ಘಟಕ. ನೂರು ಮಂದಿಗೆ ಪ್ರಾಂಶುಪಾಲರೂ ಸೇರಿ 16 ಬೋಧಕರು, ಅವರಲ್ಲಿ 8 ಜನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಭಾಷೆಗಳ ಬೋಧನಾ ವಿಧಾನಕ್ಕೆ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ಶಾಲೆಯಲ್ಲಿ ಒಟ್ಟು 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ತರಗತಿಗೆ ಶೇಕಡ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡ 90. ಈ ಅಂಕಿಗಳು ಬಾಯಿಪಾಠವಿರದ ಕಾಲೇಜು ಈ ಭಾಗದಲ್ಲಿ ಯಾವುದೂ ಇಲ್ಲ. ಗೋಡೆಯ ಮೇಲೆ ಬರೆಸಿ ಹಾಕಿದವರೂ ಇದ್ದಾರೆ.

ಮೊದಲ ಕಾಲೇಜಿನ ಕಟ್ಟಡ ನೋಡಿದರೆ ಯಾರಿಗಾದರೂ ಮನಸ್ಸು ತುಂಬಬೇಕು. ಗ್ರಾನೈಟ್ ನೆಲ, ಎತ್ತರದ ಸಭಾಂಗಣ, ಸಮವಸ್ತ್ರದ ಸೀರೆಯುಟ್ಟು ಎರಡು ಸಾಲಿನಲ್ಲಿ ನಿಂತ ಪ್ರಶಿಕ್ಷಣಾರ್ಥಿಗಳು. ಹಾರ, ಶಾಲು, ಹಣ್ಣಿನ ಬುಟ್ಟಿ. ‘ಬನ್ನಿ ಮೇಡಂ, ಮೊದಲು ನಾಷ್ಟಾ ಮುಗಿಸೋಣ, ಕಡತ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಆಡಳಿತ ಮಂಡಳಿಯವರು ಕೈ ಮುಗಿದರು. ಸೂಸಲ ಚೆನ್ನಾಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ.

ನಾಷ್ಟಾ ನಡೆಯುತ್ತಿದ್ದಾಗಲೇ ನನಗೆ ಒಂದು ಲೆಕ್ಕ ತಾಳೆಯಾಗಲಿಲ್ಲ. ವೇಳಾಪಟ್ಟಿಯ ಪ್ರಕಾರ ಎರಡನೆಯ ವರ್ಷದವರು ಆ ವಾರ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರಬೇಕು. ಇಲ್ಲಿ ಎಲ್ಲರೂ ಸಾಲಿನಲ್ಲಿ ನಿಂತಿದ್ದಾರೆ. ಕೇಳಿದಾಗ ಪ್ರಾಂಶುಪಾಲರು, ‘ತಾವು ಬರುತ್ತೀರೆಂದು ಕರೆಸಿಕೊಂಡೆವು’ ಎಂದರು. ಅವರ ಮುಖದಲ್ಲಿ ಸಂಕೋಚವಿರಲಿಲ್ಲ, ನಿಜಕ್ಕೂ ಗೌರವದಿಂದಲೇ ಹೇಳಿದರು. ಶಿಕ್ಷಕರ ತಯಾರಿ ಹೇಗಿದೆ ಎಂದು ನೋಡಲು ಬಂದವರಿಗಾಗಿ ತಯಾರಿಯನ್ನೇ ನಿಲ್ಲಿಸಿದ್ದರು.

ಭಾಷಾ ಪ್ರಯೋಗಾಲಯದ ಬೀಗ ತೆರೆಯಲು ಇಂಗ್ಲಿಷ್ ಬೋಧನಾ ವಿಧಾನದ ಉಪನ್ಯಾಸಕರನ್ನು ಕರೆದರು. ಅವರು ಬಂದರು, ನೇಮಕಾತಿ ಆದೇಶ, ಎಂ.ಎ., ಎಂ.ಎಡ್. ಪ್ರಮಾಣಪತ್ರ ಎಲ್ಲ ಸರಿಯಾಗಿತ್ತು. ಬೀಗದ ಕೈ ಯಾರ ಬಳಿ ಇರುತ್ತದೆಂದು ಮಾತ್ರ ಅವರು ಸಿಪಾಯಿಯನ್ನು ಕೇಳಬೇಕಾಯಿತು. ಪ್ರಯೋಗಾಲಯ ಯಾವ ಕೋಣೆಯಲ್ಲಿದೆ ಎಂಬುದನ್ನೂ ಅವನೇ ತೋರಿಸಿದ. ಒಳಗೆ ಹೆಡ್‌ಫೋನುಗಳು ಇನ್ನೂ ಪ್ಲಾಸ್ಟಿಕ್ ಚೀಲದಲ್ಲಿದ್ದವು. ನಮ್ಮ ಕಚೇರಿಯವರು ಅವುಗಳನ್ನು ಎಣಿಸಿ, ನಮೂನೆಯಲ್ಲಿ ಸಂಖ್ಯೆ ಬರೆದು, ಸರಿ ಗುರುತು ಹಾಕಿದರು. ಅವರದೇನೂ ತಪ್ಪಿಲ್ಲ. ನಮೂನೆ ಕೇಳಿದ್ದು ಎಷ್ಟಿವೆ ಎಂದು ಮಾತ್ರ.

ಸಿಬ್ಬಂದಿಯ ಪಟ್ಟಿಯನ್ನು ಅವರು ತಾಳೆ ನೋಡುತ್ತಿರುವಾಗ ನಾನು ಪಾಠ ಯೋಜನೆಯ ಪುಸ್ತಕಗಳನ್ನು ತರಿಸಿದೆ. ನನ್ನ ವೃತ್ತಿಯುದ್ದಕ್ಕೂ ನಂಬಿದ್ದೊಂದು: ಕಾಲೇಜಿನ ನಿಜವಾದ ಪಠ್ಯಕ್ರಮ ಇರುವುದು ಮೇಲ್ವಿಚಾರಕರು ಅಭ್ಯಾಸ ಪಾಠ ನೋಡಿ ಪುಸ್ತಕದ ಅಂಚಿನಲ್ಲಿ ಬರೆಯುವ ಮಾತಿನಲ್ಲಿ. ಈ ಪುಸ್ತಕಗಳಲ್ಲಿ ‘ಗುಡ್’ ಇತ್ತು. ‘ಇಂಪ್ರೂವ್ ಬ್ಲ್ಯಾಕ್‌ಬೋರ್ಡ್ ವರ್ಕ್’ ಇತ್ತು. ‘ವಾಯ್ಸ್ ಶುಡ್ ಬಿ ಲೌಡ್’ ಇತ್ತು. ಬೇರೆ ಬೇರೆ ದಿನಾಂಕ, ಬೇರೆ ಬೇರೆ ಶಾಲೆ, ಬೇರೆ ಬೇರೆ ಪ್ರಶಿಕ್ಷಣಾರ್ಥಿ, ಆದರೆ ಅದೇ ಮೂರು ಮಾತು, ಅದೇ ಪೆನ್ನು, ಅದೇ ಓರೆ. ಒಂದೇ ಸಲ ಕೂತು ಬರೆದದ್ದೆಂದು ಹೇಳಲು ಕೈಬರಹ ತಜ್ಞರು ಬೇಕಿರಲಿಲ್ಲ.

ಯೋಜನೆಗಳೆಲ್ಲ 5ಇ ಮಾದರಿಯವು. ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳು. ಅಮೆರಿಕದಲ್ಲಿ 1980ರ ದಶಕದ ಕೊನೆಗೆ ವಿಜ್ಞಾನದ ಪಾಠಕ್ಕಾಗಿ ರೂಪಿಸಿದ ಮಾದರಿ ಇದು. ಮಗು ಬಲ್ಬು, ತಂತಿ, ಬ್ಯಾಟರಿ ಹಿಡಿದು ತಾನೇ ಹುಡುಕಲಿ, ಆಮೇಲೆ ಶಿಕ್ಷಕರು ವಿವರಿಸಲಿ ಎಂಬುದು ಅದರ ಹುರುಳು. ನಮ್ಮಲ್ಲಿ ಅದು ಎಲ್ಲ ವಿಷಯಗಳಿಗೂ ಒಂದೇ ಅಳತೆಯ ಅಂಗಿಯಾಗಿದೆ. ಒಂದು ಪದ್ಯದ ಯೋಜನೆಯಲ್ಲಿ ‘ಪರಿಶೋಧನೆ’ಯ ಅಂಕಣದಲ್ಲಿ ‘ವಿದ್ಯಾರ್ಥಿಗಳು ಪದ್ಯವನ್ನು ಪರಿಶೋಧಿಸುವರು’ ಎಂದು ಬರೆದಿತ್ತು. ಮುಂದಿನ ಅಂಕಣದಲ್ಲಿ ಶಿಕ್ಷಕಿ ಪದ್ಯದ ಸಾರಾಂಶವನ್ನು ಹೇಳಿ ಮುಗಿಸಿದ್ದಳು. ಹಂತಗಳು ತಪ್ಪಿರಲಿಲ್ಲ, ಅಂಕ ಪೂರ್ತಿ ಬಂದಿತ್ತು.

‘ಇವರು ಪಾಠ ಮಾಡುವುದನ್ನು ನೋಡಬಹುದೇ?’ ಎಂದೆ. ಸಭಾಂಗಣದಲ್ಲಿ ವ್ಯವಸ್ಥೆ ಮಾಡಿದರು. ಸಹಪಾಠಿಗಳೇ ಮಕ್ಕಳಾಗಿ ಕುಳಿತರು. ಸೂಕ್ಷ್ಮ ಬೋಧನೆಗೆ ಇದು ಸರಿಯಾದ ಏರ್ಪಾಡೇ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅದು ಹುಟ್ಟಿದ್ದೇ ಒಂದು ಕೌಶಲ, ಸಣ್ಣ ಗುಂಪು, ಕೆಲವೇ ನಿಮಿಷ ಎಂಬ ಲೆಕ್ಕದಲ್ಲಿ. ಆದರೆ ಎರಡನೆಯ ವರ್ಷದ ಕೊನೆಗೂ ಇಪ್ಪತ್ತೆರಡು ವಯಸ್ಸಿನ ‘ಮಕ್ಕಳಿಗೆ’ ಪಾಠ ಮಾಡಿದರೆ ಏನು ತಿಳಿಯುತ್ತದೆ? ಕೇಳಿದ್ದಕ್ಕೆಲ್ಲ ಸರಿಯುತ್ತರ ಬಂತು. ತಪ್ಪು ಹೇಳುವ ಮಗುವೇ ಇಲ್ಲದ ತರಗತಿ ಅದು. ಶಾಲೆಗೆ ಹೋಗೋಣ ಎಂದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ‘ಮೇಡಂ, ನಮೂನೆಯಲ್ಲಿ ಶಾಲಾ ಭೇಟಿ ಇಲ್ಲವಲ್ಲ?’ ‘ಬೇಡ ಎಂದೂ ಇಲ್ಲ ಸರ್’ ಎಂದೆ. ನಕ್ಕರು, ಒಪ್ಪಿದರು. ಕೊನೆಯವರೆಗೂ ನನ್ನ ಹಟವನ್ನು ಅವರು ಸಹಿಸಿಕೊಂಡದ್ದಕ್ಕೆ ನಾನು ಋಣಿ.

ಶಾಲೆ ಹತ್ತಿರದಲ್ಲೇ ಇತ್ತು. ಮುಖ್ಯೋಪಾಧ್ಯಾಯರು ಸಂಕೋಚವಿಲ್ಲದೆ ಮಾತನಾಡಿದರು. ಪ್ರಶಿಕ್ಷಣಾರ್ಥಿಗಳು ಬಂದರೆ ಅನುಕೂಲವೇ: ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುತ್ತಾರೆ, ಕಿರುಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತಾರೆ, ರಜೆಯ ಮೇಲೆ ಹೋದವರ ತರಗತಿ ಹಿಡಿಯುತ್ತಾರೆ. ‘ಹತ್ತನೆಯ ತರಗತಿ ಕೊಡುತ್ತೀರಾ ಸರ್?’ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಫಲಿತಾಂಶ ಯಾರು ಕೊಡುತ್ತಾರೆ ಮೇಡಂ?’

ಇದು ಆ ಒಂದು ಶಾಲೆಯ ಮಾತಲ್ಲ. ನಾವು ಹೋದಲ್ಲೆಲ್ಲ ಹತ್ತನೆಯ ತರಗತಿಯ ಬಾಗಿಲು ಪ್ರಶಿಕ್ಷಣಾರ್ಥಿಗಳಿಗೆ ಮುಚ್ಚಿತ್ತು. ಎರಡನೆಯ ವರ್ಷದ ಹದಿನಾರು ವಾರ ಶಾಲೆಯಲ್ಲಿದ್ದು, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ಪಾಠವನ್ನೂ ಮಾಡದೆ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರಾಗಿ ಹೊರಬರುತ್ತಾರೆ. ಮುಖ್ಯೋಪಾಧ್ಯಾಯರನ್ನು ಬೈಯುವುದೂ ಸುಲಭವಲ್ಲ. ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ, 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ ಭಾಗದ ಮಕ್ಕಳು ಎಡವುವುದು ಗಣಿತದಲ್ಲಿ, ಇಂಗ್ಲಿಷಿನಲ್ಲಿ ಎಂದು ಅವರಿಗೆ ಗೊತ್ತು. ಆ 80 ಅಂಕದ ಪತ್ರಿಕೆಯಲ್ಲಿ ಮಗು ಬಾಯಿ ತೆರೆಯಬೇಕಾದ ಜಾಗ ಒಂದೂ ಇಲ್ಲ. ಹಾಗಾಗಿ ತರಗತಿಯಲ್ಲೂ ಬಾಯಿ ತೆರೆಸುವವರಿಲ್ಲ.

ಅನುಭವಿ ಶಿಕ್ಷಕಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿ, ಆಮೇಲೆ ಹತ್ತು ನಿಮಿಷ ಮಾತನಾಡಬೇಕು. ಇಂಟರ್ನ್‌ಶಿಪ್ಪಿನ ಜೀವ ಇರುವುದೇ ಅಲ್ಲಿ. ಅಲ್ಲಿಯ ಇಂಗ್ಲಿಷ್ ಶಿಕ್ಷಕಿ ತಮ್ಮ ತರಗತಿಯನ್ನು ಪ್ರಶಿಕ್ಷಣಾರ್ಥಿಗೆ ಒಪ್ಪಿಸಿ ಬೇರೆ ತರಗತಿಗೆ ಹೋಗುತ್ತಿದ್ದರು. ಎರಡು ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಅವರು ಇನ್ನೇನು ಮಾಡಬೇಕು?

ಇಂಥ ಪರಿಶೀಲನೆಯಲ್ಲಿ ಏನನ್ನು ಕೇಳಬೇಕು ಎಂಬುದಕ್ಕೆ ನಾನು ಹೊರಡುವ ಮೊದಲು ಒಂದಿಷ್ಟು ಓದಿಕೊಂಡಿದ್ದೆ. ಅಮೆರಿಕದಲ್ಲಿ ಇಂಗ್ಲಿಷ್ ಶಿಕ್ಷಕರದೇ ಒಂದು ರಾಷ್ಟ್ರೀಯ ಪರಿಷತ್ತಿದೆ, 1911ರಲ್ಲಿ ಷಿಕಾಗೋದಲ್ಲಿ ಶುರುವಾದದ್ದು. ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರನ್ನು ತಯಾರಿಸುವ ಕಾಲೇಜು ಕಾರ್ಯಕ್ರಮಗಳಿಗೆ ಅವರು ಮಾನದಂಡ ಬರೆದಿದ್ದಾರೆ. ಶಿಕ್ಷಕ ಶಿಕ್ಷಣಕ್ಕೆ ಮಾನ್ಯತೆ ನೀಡುವ ಅಲ್ಲಿಯ ಸಂಸ್ಥೆ ಹುಟ್ಟಿದ್ದು 1954ರಲ್ಲಿ. ಕಾಲೇಜಿನಲ್ಲಿ ಏನೇನಿದೆ ಎಂದು ಎಣಿಸುವ ಬದಲು ಅಲ್ಲಿಂದ ಹೊರಬರುವವರು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷ್ಯ ಕೇಳುವ ಕಡೆಗೆ ಅದು 2000ದ ಹೊತ್ತಿಗೆ ತಿರುಗಿತು. ಮುಂದೆ 2013ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ ಹೊಸ ಮಂಡಳಿಯಾಯಿತು. ಆ ಪದ್ಧತಿಯಲ್ಲಿ ಪ್ರತಿ ವಿಷಯದ ಕಾರ್ಯಕ್ರಮವೂ ಆರರಿಂದ ಎಂಟು ಮೌಲ್ಯಮಾಪನಗಳ ಸಾಕ್ಷ್ಯ ಒಪ್ಪಿಸಬೇಕಿತ್ತು: ವಿಷಯಜ್ಞಾನ, ಪಾಠ ಯೋಜನೆ, ಶಾಲೆಯಲ್ಲಿ ಪಾಠ ಮಾಡಿದ್ದು, ಹೀಗೆ. ಅವುಗಳಲ್ಲಿ ಒಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು: ಈ ಪ್ರಶಿಕ್ಷಣಾರ್ಥಿಯಿಂದಾಗಿ ಶಾಲೆಯ ಮಕ್ಕಳು ಏನು ಕಲಿತರು ಎಂಬುದಕ್ಕೆ ಆಧಾರ ತೋರಿಸಿ.

ಅವರ ಪದ್ಧತಿಯನ್ನು ಇಲ್ಲಿಗೆ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಅದು ಬಂದರೆ ಮರುವರ್ಷವೇ ‘ಮಕ್ಕಳ ಕಲಿಕೆಯ ಆಧಾರ’ ಎಂಬ ಸಿದ್ಧ ಪುಸ್ತಕ ಬಸ್ ನಿಲ್ದಾಣದ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಈಗ ಪಾಠ ಯೋಜನೆಗಳು ಸಿಗುತ್ತಿರುವಂತೆ. ಆದರೂ ಆ ಒಂದು ಪ್ರಶ್ನೆಯನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಅದಕ್ಕಾಗಿಯೇ ಬೆಳಗಾವಿ ಕಡೆಯ ಒಂದು ಹೈಸ್ಕೂಲಿನಿಂದ ಒಂಬತ್ತನೆಯ ತರಗತಿಯ ಮಕ್ಕಳು ‘ನನ್ನ ಮೆಚ್ಚಿನ ಹಬ್ಬ’ ಎಂದು ಬರೆದ ಮೂರು ಹಾಳೆಗಳನ್ನು, ಹೆಸರು ತೆಗೆದು, ನಕಲು ಮಾಡಿಸಿಕೊಂಡು ಒಯ್ದಿದ್ದೆ.

ಮೊದಲ ಹಾಳೆಯಲ್ಲಿ ದೀಪಾವಳಿಯ ಪ್ರಬಂಧ. ‘ದೀಪಾವಳಿ ಈಸ್ ದ ಫೆಸ್ಟಿವಲ್ ಆಫ್ ಲೈಟ್ಸ್’ ಎಂದು ಶುರುವಾಗಿ ಒಂದೂ ತಪ್ಪಿಲ್ಲದೆ ಮುಗಿಯುತ್ತದೆ, ಗೈಡಿನಿಂದ ಇಳಿಸಿದ್ದು. ಎರಡನೆಯದರಲ್ಲಿ ಮಗು ಪ್ರಶ್ನೆಯನ್ನೇ ಮತ್ತೆ ಮತ್ತೆ ಬರೆದಿದೆ. ಮೂರನೆಯದು ಕಾರಹುಣ್ಣಿಮೆ. ‘ಮೈ ಫಾದರ್ ಈಸ್ ವಾಶ್ ದ ಬುಲ್. ಹೀ ಪುಟ್ ಕಲರ್ ಇನ್ ಹಾರ್ನ್. ವಿ ಆಲ್ ಗೋ ಅಂಡ್ ಸೀ ಕರಿ. ಅವರ್ ಬುಲ್ ಕಮ್ ಫಸ್ಟ್. ಐ ಆಮ್ ಕ್ರೈ ಹ್ಯಾಪಿ.’ ಅಪ್ಪ ಎತ್ತಿಗೆ ಮೈ ತೊಳೆದದ್ದು, ಕೋಡಿಗೆ ಬಣ್ಣ ಬಳಿದದ್ದು, ಕರಿ ಹರಿಯಲು ಓಡಿದ ಎತ್ತುಗಳಲ್ಲಿ ತಮ್ಮದೇ ಮುಂದೆ ಬಂದದ್ದು, ಹುಡುಗ ಖುಷಿಗೆ ಅತ್ತದ್ದು, ಎಲ್ಲವೂ ಇದೆ.

ಪ್ರತಿ ಕಾಲೇಜಿನಲ್ಲೂ ಇಂಗ್ಲಿಷ್ ವಿಧಾನ ತೆಗೆದುಕೊಂಡ ಎರಡನೆಯ ವರ್ಷದವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಬೋಧಕರನ್ನು ಹೊರಗೆ ಕಳಿಸಿ, ಈ ಹಾಳೆಗಳನ್ನು ಕೊಟ್ಟೆ. ಹತ್ತಕ್ಕೆ ಅಂಕ ಕೊಡಿ, ಆಮೇಲೆ ನಾಳೆ ಈ ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಹೇಳಿ. ಇಷ್ಟೇ.

ಗ್ರಾನೈಟ್ ನೆಲದ ಕಾಲೇಜಿನಲ್ಲಿ ದೀಪಾವಳಿಗೆ ಒಂಬತ್ತು, ಕಾರಹುಣ್ಣಿಮೆಗೆ ಎರಡೋ ಮೂರೋ ಬಂತು. ಹುಡುಗನ ಹಾಳೆ ಪೂರ್ತಿ ಕೆಂಪಾಗಿತ್ತು. ಒಂದೊಂದು ತಪ್ಪನ್ನೂ ತಿದ್ದಿದ್ದರು, ಕೆಲವು ಕಡೆ ತಿದ್ದುಪಡಿಯೇ ತಪ್ಪಾಗಿತ್ತು. ನಾಳೆ ಏನು ಕಲಿಸುತ್ತೀರಿ ಎಂದರೆ ‘ಗ್ರಾಮರ್’ ಎಂದರು. ಯಾವ ಗ್ರಾಮರ್ ಎಂದರೆ ‘ಬೇಸಿಕ್ ಗ್ರಾಮರ್’ ಎಂದರು. ಇವರನ್ನು ನೋಡಿ ನಗುವುದಕ್ಕೆ ನನಗೆ ಮನಸ್ಸಿಲ್ಲ. ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಪದವಿಯಲ್ಲಿ ಇಂಗ್ಲಿಷ್ ಐಚ್ಛಿಕವಿತ್ತೆಂದು ಈ ವಿಧಾನ ಸಿಕ್ಕಿದವರು. ‘ಇಂಗ್ಲಿಷಿಗೆ ಹುದ್ದೆ ಹೆಚ್ಚು ಕರೆಯುತ್ತಾರೆ ಎಂದು ಅಣ್ಣ ಹೇಳಿದ’ ಎಂದು ಒಬ್ಬಳು ಪ್ರಾಮಾಣಿಕವಾಗಿ ಹೇಳಿದಳು. ಅವರಿಗೆ ಯಾರೂ ಮಗುವಿನ ಬರಹವೊಂದನ್ನು ಕೈಗೆ ಕೊಟ್ಟು, ಇದರಲ್ಲಿ ಏನಿದೆ ನೋಡು ಎಂದಿರಲಿಲ್ಲ.

ಕೊರ್ತಿ-ಕೊಲ್ಹಾರ ಸೇತುವೆಯ ಆಚೆ, ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನೋಡಿದ ಕಾಲೇಜು ಬೇರೆಯೇ ತರಹದ್ದು. ಹಳೆಯ ಕಟ್ಟಡದ ಮೇಲಿನ ಅಂತಸ್ತು. ಭಾಷಾ ಪ್ರಯೋಗಾಲಯವೆಂದರೆ ಒಂದು ಸ್ಪೀಕರ್, ಒಂದು ಲ್ಯಾಪ್‌ಟಾಪ್. ಹಾರ ತರಲು ಕಳಿಸಿದ ಹುಡುಗ ನಾವು ಹೊರಡುವವರೆಗೂ ಬರಲಿಲ್ಲ. ಎರಡನೆಯ ವರ್ಷದವರು ಎಲ್ಲಿ ಎಂದರೆ, ‘ಶಾಲೆಯಲ್ಲಿದ್ದಾರೆ, ಇಂದು ಮಂಗಳವಾರವಲ್ಲವೇ’ ಎಂದು ಪ್ರಾಂಶುಪಾಲರು ನಮ್ಮನ್ನೇ ತಿರುಗಿ ಕೇಳಿದರು.

ಸಿಬ್ಬಂದಿ ಪಟ್ಟಿಯಲ್ಲಿ ಎರಡು ಜಾಗ ಖಾಲಿ ಇದ್ದವು. ಮುಚ್ಚಿಡಲು ಯಾರ ಹೆಸರನ್ನೂ ತುರುಕಿರಲಿಲ್ಲ, ಖಾಲಿ ಎಂದೇ ಬರೆದಿದ್ದರು. ಕಚೇರಿಯವರು ಪೆನ್ನು ಎತ್ತಿ ಅಲ್ಲಿ ಒಂದು ದೊಡ್ಡ ವೃತ್ತ ಹಾಕಿದರು.

ಪಾಠ ಯೋಜನೆಯ ಪುಸ್ತಕ ತೆರೆದಾಗ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಇಂಗ್ಲಿಷ್ ವಿಧಾನದ ಉಪನ್ಯಾಸಕಿ ಪ್ರತಿ ಪಾಠದ ಕೆಳಗೆ ಅರ್ಧ ಪುಟ ಬರೆದಿದ್ದರು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಒಂದು ಕಡೆ ಹೀಗಿತ್ತು: ‘ಕಿಟಕಿಯ ಪಕ್ಕದ ಹುಡುಗಿ ಹೀ ಗೋ ಎಂದಳು. ನೀನು ನೋ ಎಂದೆ. ಆಮೇಲೆ ಅವಳು ಪೂರ್ತಿ ಪಾಠದಲ್ಲಿ ಬಾಯಿ ತೆರೆಯಲಿಲ್ಲ. ನೋ ಎನ್ನದೆ ಏನು ಹೇಳಬಹುದಿತ್ತು? ನಾಳೆ ಬಂದು ಹೇಳು.’ ಕೆಳಗೆ ಬೇರೆ ಶಾಯಿಯಲ್ಲಿ ಪ್ರಶಿಕ್ಷಣಾರ್ಥಿಯ ಉತ್ತರವಿತ್ತು: ‘ಹೌದಾ, ಹೀ ಗೋಸ್ ಎಲ್ಲಿಗೆ? ಎಂದು ಕೇಳಬಹುದಿತ್ತು.’ ಇನ್ನೊಂದು ಕಡೆ, ‘ನಲವತ್ತು ನಿಮಿಷದಲ್ಲಿ ನೀನೇ ಎಷ್ಟು ಹೊತ್ತು ಮಾತನಾಡಿದೆ, ಗೆಳತಿಗೆ ಗಡಿಯಾರ ಕೊಟ್ಟು ಅಳೆಯಿಸು.’ ಅಧ್ಯಕ್ಷರಿಗೂ ಓದಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಆ ಪುಸ್ತಕವನ್ನು ತಾವೇ ತಿರುವಿ ಹಾಕುತ್ತ ಕುಳಿತರು.

ಅಲ್ಲಿಂದ ಶಾಲೆಗೆ ಹೋದೆವು. ಎಂಟನೆಯ ತರಗತಿ. ಮನೆಯಲ್ಲಿ ಕನ್ನಡ ಆಡುವವರು, ಉರ್ದು ಆಡುವವರು, ತಾಂಡಾದಿಂದ ಬಂದು ಲಂಬಾಣಿ ಆಡುವವರು ಒಂದೇ ಬೆಂಚಿನಲ್ಲಿ. ಕೆಲವು ಜಾಗ ಖಾಲಿ: ಅಪ್ಪ ಅಮ್ಮ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ ಹೋಗಿದ್ದಾರೆ, ಮಕ್ಕಳನ್ನೂ ಕರೆದುಕೊಂಡು. ಪ್ರಶಿಕ್ಷಣಾರ್ಥಿ ತಾನೂ ತಾಂಡಾದವಳೇ. ಅವಳು ಮೇಜಿನ ಮೇಲೆ ಒಣದ್ರಾಕ್ಷಿಯ ಖಾಲಿ ಡಬ್ಬಿಗಳನ್ನೂ ಒಂದು ಗೊಬ್ಬರದ ಚೀಲವನ್ನೂ ಇಟ್ಟಿದ್ದಳು. ತಿಕೋಟಾ ಸೀಮೆಯ ದ್ರಾಕ್ಷಿ, ಆ ಮಕ್ಕಳಲ್ಲಿ ಎಷ್ಟೋ ಜನರ ಮನೆಯವರು ಅದೇ ಶೆಡ್ಡುಗಳಲ್ಲಿ ಕೂಲಿಗೆ ಹೋಗುತ್ತಾರೆ.

ಡಬ್ಬಿಯ ಮೇಲೆ ಏನೇನು ಬರೆದಿದೆ ಎಂದು ಗುಂಪುಗಳಲ್ಲಿ ಓದಿಸಿದಳು. ‘ಸ್ಟೋರ್ ಇನ್ ಎ ಕೂಲ್ ಅಂಡ್ ಡ್ರೈ ಪ್ಲೇಸ್’ ಎಂಬ ಸಾಲನ್ನು ಹಲಗೆಯ ಮೇಲೆ ಬರೆದು, ನಿಮ್ಮ ಮನೆಯಲ್ಲಿ ಹೀಗೆ ಇಡುವ ವಸ್ತು ಯಾವುದು ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಗದ್ದಲವೆದ್ದಿತು. ‘ಕೀಪ್ ದ ಖಡಕ್ ರೊಟ್ಟಿ ಇನ್ ಎ ಡ್ರೈ ಪ್ಲೇಸ್’ ಎಂದ ಒಬ್ಬ. ‘ಡೋಂಟ್ ಕೀಪ್ ಮೊಸರು ಇನ್ ಸನ್’ ಎಂದಳು ಇನ್ನೊಬ್ಬಳು. ಒಬ್ಬ ಹುಡುಗ ಎದ್ದು, ಗೊಬ್ಬರದ ಚೀಲ ತೋರಿಸಿ, ‘ಡೋಂಟ್ ಕೀಪ್ ಬೇಬಿ ನಿಯರ್’ ಎಂದ. ಅವಳು ‘ನಿಯರ್ ವಾಟ್?’ ಎಂದು ಅಷ್ಟೇ ಕೇಳಿದಳು. ಅವನು ವಾಕ್ಯ ಪೂರ್ತಿ ಮಾಡಿದ. ಗಂಟೆ ಹೊಡೆಯುವ ಹೊತ್ತಿಗೆ ಹಲಗೆ ತುಂಬ ಮಕ್ಕಳ ವಾಕ್ಯಗಳಿದ್ದವು, ಅವಳದು ಆ ಒಂದೇ.

ಅವಳ ಉಚ್ಚಾರದಲ್ಲಿ ದೋಷಗಳಿದ್ದವು. ಒಂದೆರಡು ಕಡೆ ಕ್ರಿಯಾಪದ ಜಾರಿತು. ನನಗೆ ಅದು ಕಾಣಲಿಲ್ಲ ಎಂದಲ್ಲ, ಅದನ್ನು ಓದಿಸಿ, ಕೇಳಿಸಿ, ಆರು ತಿಂಗಳಲ್ಲಿ ಸರಿಪಡಿಸಬಹುದು. ಮಕ್ಕಳ ಅರ್ಧ ವಾಕ್ಯವನ್ನು ಕೇಳಿಸಿಕೊಂಡು ಉಳಿದರ್ಧಕ್ಕೆ ದಾರಿ ಬಿಡುವುದನ್ನು ಕಲಿಸುವುದೇ ಕಷ್ಟ. ಆ ಪಾಠಕ್ಕೆ ಅವಳಿಗೆ ಬಂದ ಅಂಕ ಮಾತ್ರ ಸಾಧಾರಣ. ಬೇರೆ ಮೇಲ್ವಿಚಾರಕರೊಬ್ಬರು ಇದೇ ಬಗೆಯ ಹಿಂದಿನ ಪಾಠ ನೋಡಿ, ‘ಯೋಜನೆಯ ಐದು ಹಂತಗಳು ಸ್ಪಷ್ಟವಾಗಿಲ್ಲ’ ಎಂದು ಬರೆದಿದ್ದರು. ಒಳ್ಳೆಯ ಕಾಲೇಜಿನಲ್ಲೂ ಎಲ್ಲರೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಮಧ್ಯಾಹ್ನ ಇಲ್ಲಿಯೂ ಮೂರು ಹಾಳೆಗಳನ್ನು ಹಂಚಿದೆ. ಅಂಕಗಳು ಇಲ್ಲೂ ಏರುಪೇರಾಗಿದ್ದವು, ಒಬ್ಬ ದೀಪಾವಳಿಗೆ ಒಂಬತ್ತೂವರೆ ಕೊಟ್ಟ. ಆದರೆ ಇಲ್ಲಿ ಜಗಳ ಶುರುವಾಯಿತು. ‘ಇದು ಗೈಡಿನದು, ನಾನೂ ಇದನ್ನೇ ಬರೆದು ಪಾಸಾದವಳು’ ಎಂದಳು ಒಬ್ಬಳು. ಎಲ್ಲರೂ ನಕ್ಕರು. ಮೂರನೆಯ ಹಾಳೆಯ ಬಗ್ಗೆ ಸಿಂದಗಿ ಕಡೆಯ ಒಬ್ಬ ಹುಡುಗ ಹೇಳಿದ: ‘ಮೇಡಂ, ಇವನಿಗೆ ಶಬ್ದ ಸಾಕಷ್ಟಿವೆ. ಕಥೆಯ ಸರಣಿಯೂ ಸರಿಯಾಗಿದೆ. ಎಲ್ಲವೂ ನಡೆದುಹೋದದ್ದು, ಇವನು ಈಗ ನಡೆಯುತ್ತಿರುವಂತೆ ಬರೆದಿದ್ದಾನೆ. ನಾಳೆ ಭೂತಕಾಲವೊಂದನ್ನೇ ಕೊಡುತ್ತೇನೆ, ಅದೂ ಇವನದೇ ಐದು ವಾಕ್ಯಗಳಲ್ಲಿ. ಹಾರ್ನಿನ ಮುಂದೆ ಇನ್ ಬರಬೇಕೋ ಆನ್ ಬರಬೇಕೋ ಎಂಬುದು ಮುಂದಿನ ವಾರಕ್ಕಿರಲಿ.’ ಪ್ರಶ್ನೆಯನ್ನೇ ನಕಲು ಮಾಡಿದ ಎರಡನೆಯ ಮಗುವಿನ ಬಗ್ಗೆ ಯಾರಿಗೂ ತೃಪ್ತಿಕರ ಉತ್ತರ ಹೊಳೆಯಲಿಲ್ಲ. ‘ಮೊದಲು ಅವನ ಪಕ್ಕ ಕೂತು ಬಾಯಲ್ಲಿ ಕೇಳಬೇಕು’ ಎಂದು ಯಾರೋ ಹೇಳಿದರು, ಅಲ್ಲಿಗೆ ನಿಂತಿತು. ನನಗೂ ಅದಕ್ಕಿಂತ ಒಳ್ಳೆಯದು ಗೊತ್ತಿಲ್ಲ.

ಉಳಿದ ಕಾಲೇಜುಗಳು ಈ ಎರಡರ ನಡುವೆ ಎಲ್ಲೋ ಇದ್ದವು. ಒಂದರಲ್ಲಿ ಇಂಗ್ಲಿಷ್ ವಿಧಾನವನ್ನು ಕನ್ನಡ ವಿಧಾನದವರೇ ಹೆಚ್ಚುವರಿಯಾಗಿ ನೋಡಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ಪ್ರಾಂಶುಪಾಲರೇ ಒಳ್ಳೆಯ ಇಂಗ್ಲಿಷ್ ಶಿಕ್ಷಕರಾಗಿದ್ದು ಕಚೇರಿ ಕೆಲಸದಲ್ಲಿ ಮುಳುಗಿದ್ದರು. ಅವುಗಳ ವಿವರ ಇಲ್ಲಿ ಬೇಡ.

ವರದಿ ಬರೆಯಲು ಕುಳಿತಾಗ ಚರ್ಚೆ ಬಿಸಿಯಾಯಿತು. ನಿಯಮದ ಪ್ರಕಾರ ಗ್ರಾನೈಟ್ ಕಾಲೇಜಿನಲ್ಲಿ ಕೊರತೆಯೇ ಇಲ್ಲ. ಮೇಲಂತಸ್ತಿನ ಕಾಲೇಜಿನಲ್ಲಿ ಇಬ್ಬರು ಬೋಧಕರು ಕಡಿಮೆ, ಪ್ರಯೋಗಾಲಯ ಇಲ್ಲವೆನ್ನುವಷ್ಟು. ‘ಇದ್ದದ್ದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಬರೆಯಬೇಕು ಮೇಡಂ. ನಾಳೆ ಲೆಕ್ಕಪರಿಶೋಧನೆಯವರು ಕೇಳಿದರೆ ನಿಮ್ಮ ಒಣದ್ರಾಕ್ಷಿ ಡಬ್ಬಿ ತೋರಿಸಲಾಗುವುದಿಲ್ಲ’ ಎಂದರು ಕಚೇರಿಯವರು. ಮಾತಿನಲ್ಲಿ ಹುಳಿಯಿದ್ದರೂ ತರ್ಕ ಸರಿಯಾಗಿಯೇ ಇತ್ತು. ನಿಯಮಗಳು ಹುಟ್ಟಿದ್ದು ಬೋಧಕರೇ ಇಲ್ಲದೆ, ಕಟ್ಟಡವೇ ಇಲ್ಲದೆ ಪದವಿ ಹಂಚುವವರನ್ನು ತಡೆಯಲು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟದ್ದೇ ಶಿಕ್ಷಕ ಶಿಕ್ಷಣದ ಗುಣಮಟ್ಟ ಕುಸಿದಿದೆಯೆಂಬ ಹಿನ್ನೆಲೆಯಲ್ಲಿ. ಎಣಿಕೆ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಎಣಿಸಿದ ಮೇಲೆ ಒಂದು ತರಗತಿಯಲ್ಲಿ ಹಿಂದೆ ಕೂರಿ ಎಂಬುದಷ್ಟೇ ನನ್ನ ತಕರಾರು.

ಅಧ್ಯಕ್ಷರು ಮಧ್ಯದ ದಾರಿ ಹುಡುಕಿದರು. ನಮೂನೆಯನ್ನು ಇದ್ದಂತೆ ತುಂಬುವುದು, ‘ಇತರ ಅಂಶಗಳು’ ಎಂಬಲ್ಲಿ ‘ಪ್ರತ್ಯೇಕ ಹಾಳೆ ಲಗತ್ತಿಸಿದೆ’ ಎಂದು ಬರೆಯುವುದು. ಪ್ರತ್ಯೇಕ ಹಾಳೆಯಲ್ಲಿ ನಾನು ಪ್ರತಿ ಕಾಲೇಜಿಗೂ ಮೂರು ವಿಷಯ ಬರೆದೆ: ಪಾಠ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದ ಮಾತುಗಳ ಮಾದರಿ, ಶಾಲೆಯಲ್ಲಿ ನೋಡಿದ ಪಾಠ, ಮೂರು ಹಾಳೆಗಳಿಗೆ ಪ್ರಶಿಕ್ಷಣಾರ್ಥಿಗಳ ಉತ್ತರ. ಮೊದಲ ಕಾಲೇಜಿಗೆ ಷರತ್ತು ಹಾಕಬೇಕೆಂದು ಪಟ್ಟು ಹಿಡಿದೆ: ಇಂಗ್ಲಿಷ್ ಉಪನ್ಯಾಸಕರ ಹಾಜರಾತಿಯ ಮತ್ತು ವೇತನದ ಬ್ಯಾಂಕ್ ದಾಖಲೆ, ಇಂಟರ್ನ್‌ಶಿಪ್ ನಡೆಯುವಾಗ ಮುನ್ಸೂಚನೆಯಿಲ್ಲದ ಇನ್ನೊಂದು ಭೇಟಿ. ವೇತನದ ದಾಖಲೆಗೆ ಅಧ್ಯಕ್ಷರು ಒಪ್ಪಿದರು. ಮುನ್ಸೂಚನೆಯಿಲ್ಲದ ಭೇಟಿ ಎಂಬ ಮಾತನ್ನು ‘ಸೂಕ್ತ ಸಮಯದಲ್ಲಿ ಮರುಭೇಟಿ’ ಎಂದು ತಿದ್ದಿದರು. ಎಲ್ಲರೂ ಸಹಿ ಮಾಡಿದೆವು.

ಆದೇಶ ಹೊರಬಿದ್ದಾಗ ಗ್ರಾನೈಟ್ ಕಾಲೇಜಿನ ಸಂಯೋಜನೆ ಮುಂದುವರಿದಿತ್ತು, ವೇತನದ ದಾಖಲೆ ಸಲ್ಲಿಸುವ ಷರತ್ತಿನೊಂದಿಗೆ. ಮೇಲಂತಸ್ತಿನ ಕಾಲೇಜಿಗೆ ಒಂದೇ ವರ್ಷದ ಮಟ್ಟಿಗೆ, ಖಾಲಿ ಹುದ್ದೆಗಳನ್ನು ತುಂಬಬೇಕೆಂಬ ಷರತ್ತಿನೊಂದಿಗೆ. ಆ ಅರ್ಧ ಪುಟ ಬರೆಯುವ ಉಪನ್ಯಾಸಕಿ ನನಗೆ ಫೋನ್ ಮಾಡಿದರು. ಸಿಟ್ಟಿನಿಂದಲ್ಲ, ಕೆಲಸದ ಮಾತಿಗೇ. ‘ಮೇಡಂ, ಇಂಗ್ಲಿಷ್ ಎಂ.ಎ. ಮತ್ತು ಎಂ.ಎಡ್., ಎರಡರಲ್ಲೂ ಶೇಕಡ 55 ಇರಬೇಕು. ಅಂಥವರು ಈ ಊರಿಗೆ ನಮ್ಮ ಸಂಬಳಕ್ಕೆ ಬರುವುದಿಲ್ಲ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದ್ದರೆ ಹೇಳಿ.’

ಮುದ್ದೇಬಿಹಾಳದ ಕಡೆ ಮದುವೆಯಾಗಿ ಹೋಗಿ ಮನೆಯಲ್ಲೇ ಉಳಿದಿದ್ದ ಒಬ್ಬಳ ನೆನಪಾಯಿತು. ಹೇಳಿದೆ. ಸಂದರ್ಶನಕ್ಕೆ ಹೋಗಿ ಬಂದಿದ್ದಾಳೆ. ಸಂಬಳದ ಮಾತು ಇನ್ನೂ ಮುಗಿದಿಲ್ಲ, ದಿನವೂ ಬಸ್ಸಿನಲ್ಲಿ ಓಡಾಡುವುದಕ್ಕೆ ಅತ್ತೆಯವರು ಒಪ್ಪಬೇಕು.